ಫಹ್ಮಿಯವರ ಕೊನೆಯ ಅಕ್ಷರ

ಈಜಿಪ್ಟಿನ ತಂತಾ ಪಟ್ಟಣದ ರೈಲು ನಿಲ್ದಾಣದ ಎದುರಿನ ಯಾತ್ರಾ ಕಚೇರಿಯಲ್ಲಿ ರಾವಿಯಾ ಶಿನ್ನಾವಿ ಅವರ ಮೇಜು ಕಿಟಕಿಗೆ ದೂರ, ಚಹಾದ ಒಲೆಗೆ ಹತ್ತಿರ. ಹಜ್‌ಗೆ ಹೊರಟವರ ವಿವರಗಳನ್ನು ಸಮುದ್ರದಾಚೆಯ ವೀಸಾ ಕಚೇರಿಗೆ ಕಂಪ್ಯೂಟರಿನಲ್ಲಿ ಕಳಿಸುವುದು, ಅಲ್ಲಿಂದ ಬಂದ ಉತ್ತರವನ್ನು ಬಿಡಿಸಿ ಓದುವುದು ಅವರ ಕೆಲಸ. ಕಚೇರಿಯಲ್ಲಿ ಎಲ್ಲರಿಗೂ ಅವರು 'ಎಂಜಿನಿಯರಮ್ಮ'. ಮನೆಯಲ್ಲಿ ಮುಲೂಖಿಯಾ ಸೊಪ್ಪಿನ ಕಟ್ಟು ಬಿಚ್ಚಿ, ಎಲೆ ಎಲೆಯಾಗಿ ಹರಡಿ ನೋಡದೆ ಅವರು ಕತ್ತಿ ಮುಟ್ಟುವುದಿಲ್ಲ.

ಆ ವಿವರಗಳು ಹೋಗಿ ಬರುವುದು ಎಕ್ಸ್‌ಎಂಎಲ್ ಎಂಬ ಬಗೆಯ ಕಡತಗಳಲ್ಲಿ. ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ಸಂಖ್ಯೆ, ಪ್ರತಿಯೊಂದರ ಹಿಂದೆ ಮುಂದೆ ಅದು ಯಾವ ವಿವರ ಎಂದು ಹೇಳುವ ಒಂದೊಂದು ಟ್ಯಾಗ್. ಯಂತ್ರಕ್ಕೆ ಸಾಲು ಮುರಿಯುವ ಅಗತ್ಯವಿಲ್ಲ. ಹಾಗಾಗಿ ಇಡೀ ತಂಡದ ಯಾತ್ರಿಕರು ಒಂದೇ ಸಾಲಿನಲ್ಲಿ ಇಕ್ಕಟ್ಟಾಗಿ ಬರುತ್ತಾರೆ. ಇಂಗ್ಲಿಷ್ ಟ್ಯಾಗು ಎಡದಿಂದ ಬಲಕ್ಕೆ, ಅರಬ್ಬಿ ಹೆಸರು ಬಲದಿಂದ ಎಡಕ್ಕೆ. ಪರದೆಯ ಮೇಲೆ ಒಬ್ಬರ ಹೆಸರು ಇನ್ನೊಬ್ಬರ ಜನ್ಮದಿನಕ್ಕೆ ತಗುಲಿಕೊಂಡಂತೆ ಕಾಣುತ್ತದೆ. ಇದನ್ನು ಬಿಡಿಸಲೆಂದೇ ರಾವಿಯಾ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಂಡಿದ್ದರು. ಅದು ಒಂದೊಂದು ವಿವರವನ್ನೂ ಅದರದೇ ಸಾಲಿಗೆ ಇಳಿಸಿ, ಒಳಗಿನದನ್ನು ಒಳಕ್ಕೆ ಸರಿಸಿ, ಮಡಿಕೆ ಮಡಿಕೆಯಾಗಿ ತೋರಿಸುತ್ತಿತ್ತು. ಕಚೇರಿಯವರು ಅದಕ್ಕೆ ಇಟ್ಟ ಹೆಸರು 'ಇಸ್ತ್ರಿ'.

ತಂಡ ಹೊರಡುವ ಹಿಂದಿನ ದಿನ ಎಲ್ಲರ ವೀಸಾ ಬಂದಿತ್ತು, ಫಹ್ಮಿಯವರದೊಂದನ್ನು ಬಿಟ್ಟು. ಫಹ್ಮಿ ದೊಡ್ಡ ಮಸೀದಿಯ ಬಳಿ ಹುರಿಗಡಲೆ, ಸಿಹಿತಿಂಡಿ ಮಾರುವ ಮುದುಕ. ಎಷ್ಟೋ ವರ್ಷ ಅರ್ಜಿ ಹಾಕಿದ ಮೇಲೆ ಈ ಸಲ ಯಾತ್ರಿಕರ ಚೀಟಿ ಎತ್ತಿದಾಗ ಅವರ ಹೆಸರು ಬಂದಿತ್ತು. ಆಚೆಯಿಂದ ಬಂದ ಉತ್ತರ ಮಾತ್ರ 'ದಾಖಲೆ ಸಿಗಲಿಲ್ಲ' ಎನ್ನುತ್ತಿತ್ತು. ಸಂಜೆಯ ಅಸರ್ ಬಾಂಗಿನ ಹೊತ್ತಿಗೆ ವೀಸಾ ಕೊಡುವುದು ಮುಗಿಯುತ್ತದೆ.

ಬಾಗಿಲ ಬಳಿಯ ಬೆಂಚಿನಲ್ಲಿ ಫಹ್ಮಿ, ಪಕ್ಕದಲ್ಲಿ ಹೆಂಡತಿ ಝಕಿಯ್ಯಾ. ಆಕೆಯ ವೀಸಾ ಕೈಯಲ್ಲಿತ್ತು.

"ನೀನು ಹೋಗಿ ಬಾ. ಇಬ್ರದ್ದೂ ಹಾಳಾಗೋದು ಬೇಡ," ಎಂದರು ಫಹ್ಮಿ.

"ನಲವತ್ತು ವರ್ಷ ಸಂತೆಗೂ ಒಬ್ಳನ್ನೇ ಬಿಟ್ಟೋನಲ್ಲ, ಈಗ ಮಕ್ಕಾಗೆ ಒಬ್ಳೇ ಹೋಗು ಅಂತೀಯಲ್ಲ! ಸುಮ್ನೆ ಕೂತ್ಕೋ."

"ಹಾಜಿ, ಸ್ವಲ್ಪ ಚಹಾ ಕುಡೀರಿ," ಎಂದರು ರಾವಿಯಾ.

"ಹಾಜಿ ಅನ್ಬೇಡಮ್ಮ. ಗಡ್ಡ ಬೆಳ್ಳಗಾದೋರಿಗೆಲ್ಲ ಈ ಊರು ಹಾಜಿ ಅನ್ನುತ್ತೆ. ಹೋಗಿ ಬಂದ್ಮೇಲೆ ಅನ್ನು."

ವೀಸಾ ಕಚೇರಿಯ ಇಲ್ಲಿನ ಕೇಂದ್ರಕ್ಕೆ ಫಹ್ಮಿ ಬೆರಳಚ್ಚು ಕೊಡಲು ಹೋದಾಗ ಅಲ್ಲಿಯವರೇ ಬರೆದುಕೊಂಡ ದಾಖಲೆ ಒಂದು, ರಾವಿಯಾ ಕಳಿಸಿದ ದಾಖಲೆ ಇನ್ನೊಂದು. ಎರಡಕ್ಕೂ ಇಸ್ತ್ರಿ ಹಾಕಿ ಪಕ್ಕಪಕ್ಕ ಇಟ್ಟರು. ಪಾಸ್‌ಪೋರ್ಟ್ ಸಂಖ್ಯೆಯನ್ನು ಬಾಯಿಬಿಟ್ಟು ಓದಿದರು. ಸರಿಯಿತ್ತು. ಹುಟ್ಟಿದ ದಿನ ಸರಿ, ಊರು ಸರಿ, ಹೆಸರೂ ಸರಿ. ಇಷ್ಟು ನೀಟಾಗಿ ಕಾಣುವುದರಲ್ಲಿ ತಪ್ಪು ಎಲ್ಲಿ ಅಡಗಿದೆ? ಮತ್ತೆ ಮೇಲಿನಿಂದ ಓದಿದರು. ಬೆಂಚಿನ ಕಡೆ ನೋಡಬಾರದೆಂದುಕೊಂಡು ಮತ್ತೆ ಮತ್ತೆ ನೋಡಿದರು.

ಟಿಕೆಟ್ ವಿಭಾಗದ ಘಸ್ಸಾನ್ ಚಹಾ ಹಿಡಿದು ಬಂದು ಅವರ ಹೆಗಲ ಮೇಲಿಂದ ಪರದೆ ಇಣುಕಿದ. ಯುದ್ಧದ ಕಾಲಕ್ಕೆ ಸಿರಿಯಾದ ಹೋಮ್ಸ್‌ನಿಂದ ಬಂದವನು, ಊರಿನವರ ಮಾತು ಹಿಡಿದು ಕಾಲೆಳೆಯುವುದೇ ಅವನ ಮನರಂಜನೆ.

"ಎಂಜಿನಿಯರಮ್ಮ, ಈ ಫಹ್ಮಾ ಯಾರು? ಹೊಸಬಳಾ?"

"ತಮಾಷೆಗೆ ಹೊತ್ತಲ್ಲ ಘಸ್ಸಾನ್. ಫಹ್ಮಿ ಅದು."

"ಈ ಕಡೇದು ಫಹ್ಮಿ. ಆ ಕಡೇದು ಫಹ್ಮಾ. ನೀವು ಈಜಿಪ್ಟಿನೋರು ಫೂಲ್ ಕಾಳಿಗೆ ಎಣ್ಣೆ ಧಾರಾಳ ಸುರೀತೀರಿ, ಎರಡು ಚುಕ್ಕಿ ಹಾಕೋಕೆ ಮಾತ್ರ ಜಿಪುಣತನ."

ರಾವಿಯಾ ಲೋಟವನ್ನು ಮೇಜಿನ ಮೇಲೆ ಕುಕ್ಕಿದರು. ಅರಬ್ಬಿಯಲ್ಲಿ ಹೆಸರಿನ ಕೊನೆಗೆ ಬರುವ 'ಇ'ಕಾರದ ಅಕ್ಷರದ ಕೆಳಗೆ ಎರಡು ಚುಕ್ಕಿ ಇರಬೇಕು. ಈ ದೇಶದಲ್ಲಿ ಯಾರೂ ಹಾಕುವುದಿಲ್ಲ. ಶಾಲೆಯಲ್ಲಿ, ಪತ್ರಿಕೆಯಲ್ಲಿ, ಅಂಗಡಿಯ ಹಲಗೆಯಲ್ಲಿ ಇಲ್ಲದ ಚುಕ್ಕಿಯನ್ನು ಕಣ್ಣೇ ತುಂಬಿಕೊಳ್ಳುತ್ತದೆ. ಚುಕ್ಕಿಯಿಲ್ಲದಿದ್ದರೆ ಬೇರೆಡೆಯವರಿಗೆ ಅದು 'ಆ'. ಯಂತ್ರಕ್ಕೆ ಅದು ಬೇರೆಯದೇ ಅಕ್ಷರ.

ಅವರು ಪ್ರೋಗ್ರಾಂಗೆ ಒಂದು ಸಾಲು ಸೇರಿಸಿ, ಪ್ರತಿ ಅಕ್ಷರದ ಪಕ್ಕ ಕಂಪ್ಯೂಟರಿನಲ್ಲಿ ಅದಕ್ಕಿರುವ ಸಂಖ್ಯೆಯೂ ಕಾಣುವಂತೆ ಮಾಡಿದರು. ಕೊನೆಯ ಅಕ್ಷರದ ಸಂಖ್ಯೆ ಎರಡು ಕಡತದಲ್ಲಿ ಎರಡು ಥರ ಇತ್ತು. ಉಳಿದವರ ಪಾಸ್‌ಪೋರ್ಟ್‌ಗಳನ್ನು ಸ್ಕ್ಯಾನರ್ ಓದಿತ್ತು. ಫಹ್ಮಿಯವರ ಹಾಳೆಗೆ ಸಕ್ಕರೆ ಪಾಕ ಅಂಟಿ ಅದು ಓದದೇ ಹೋದಾಗ ಹೆಸರನ್ನು ಕೈಯಾರೆ ಟೈಪ್ ಮಾಡಿದ್ದು ಯಾರೆಂದು ರಾವಿಯಾರಿಗೆ ಚೆನ್ನಾಗಿ ನೆನಪಿತ್ತು.

ಅವರು ಎದ್ದು ಬೆಂಚಿನ ಹತ್ತಿರ ಹೋದರು.

"ನಿಮ್ಮ ಹೆಸರು ತಪ್ಪು ಬರೆದಿದ್ದು ನಾನೇ. ಈಗ ತಿದ್ದಿ ಕಳಿಸ್ತಿದ್ದೀನಿ."

"ತಪ್ಪು ಅಂದ್ರೆ?"

"ಎರಡು ಚುಕ್ಕಿ ಬಿಟ್ಟುಹೋಗಿತ್ತು."

ಫಹ್ಮಿ ಹೆಂಡತಿಯ ಮುಖ ನೋಡಿದರು. "ನಾನೂ ಯಾವತ್ತೂ ಹಾಕಿಲ್ವಲ್ಲೇ," ಎಂದರು ಮೆಲ್ಲಗೆ. ಆಕೆಯ ಕೈಯಲ್ಲಿ ಜಪಮಣಿ ಓಡುತ್ತಿತ್ತು.

ಕಡತ ಹೋಯಿತು. ಆಚೆಯಿಂದ ಸದ್ದಿಲ್ಲ. ಬೀದಿಯಲ್ಲಿ ಪಕ್ಕದೂರಿಗೆ ಹೊರಟ ಮಿನಿಬಸ್ಸಿನವನು "ಮಹಲ್ಲಾ, ಮಹಲ್ಲಾ" ಎಂದು ಕೂಗುತ್ತಿದ್ದ. ಘಸ್ಸಾನ್ ಈಗ ತಮಾಷೆ ಬಿಟ್ಟು ಪ್ರಿಂಟರಿನ ಬಳಿ ನಿಂತಿದ್ದ. ಮಸೀದಿಯ ಧ್ವನಿವರ್ಧಕ ಒಮ್ಮೆ ಕರಕರ ಎಂದು ನಿಂತಿತು. ಬಾಂಗಿಗೆ ಮುಂಚಿನ ಸದ್ದು ಅದು.

ಉತ್ತರ ಬಂತು. ಎಂದಿನಂತೆ ಒಂದೇ ಸಾಲು, ಎಲ್ಲವೂ ಎಲ್ಲದಕ್ಕೂ ತಗುಲಿಕೊಂಡು.

"ಏನಂತೆ?" ಫಹ್ಮಿ ಎದ್ದು ನಿಂತಿದ್ದರು.

"ತಾಳಿ. ಇಸ್ತ್ರಿ ಆಗ್ಲಿ."

ಸಾಲುಗಳು ಒಂದೊಂದಾಗಿ ಇಳಿದವು. ಪಾಸ್‌ಪೋರ್ಟ್ ಸಂಖ್ಯೆ. ಹೆಸರು, ಕೊನೆಗೆ ಎರಡು ಚುಕ್ಕಿ. ಹುಟ್ಟಿದ ದಿನ. ಅದರ ಕೆಳಗೆ, ಒಂದಿಷ್ಟು ಒಳಕ್ಕೆ ಸರಿದು, ಒಂದೇ ಪದ: ಮಂಜೂರು. ರಾವಿಯಾ ಅದರ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದ ಮೇಲೆಯೇ ತಿರುಗಿದರು.

"ಬಂತು ಹಾಜಿ..."

"ಇನ್ನೂ ಅಲ್ಲಮ್ಮ," ಎಂದರು ಮುದುಕ, ಬೆಂಚಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡು. "ಸದ್ಯಕ್ಕೆ ಫಹ್ಮಿ ಅನ್ನು. ಚುಕ್ಕಿ ಹಾಕಿ ಅನ್ನು."