ಅಕೌಂಟ್ಸ್‌ನಲ್ಲಿ ಫೇಲಾದ ಪ್ರಚಾರಕಿ

ಜೂನ್ ಮೊದಲ ಭಾನುವಾರ, ಬೆಳಗ್ಗೆ ಒಂಬತ್ತು ಗಂಟೆ. ಗೋವಾದ ಕುಂಡಯಿಯ ಕಾರ್ಖಾನೆ ಕೆಲಸಗಾರರ ಚಾಳಿಗೆ ನಾವಿಬ್ಬರು ಹೋಗಿದ್ದೆವು: ಕಾಲೇಜಿನ ಪ್ರವೇಶದ ಕೆಲಸ ನೋಡುತ್ತಿದ್ದ ನಾನು, ಮತ್ತು ನಮ್ಮಲ್ಲೇ ಓದುತ್ತಿದ್ದ ಬಿ.ಕಾಂ. ಎರಡನೇ ವರ್ಷದ ವಿದ್ಯಾರ್ಥಿನಿ. ಅವಳೂ ಇಂಥದೇ ಚಾಳಿನವಳು. ಇಲ್ಲಿನ ಮಕ್ಕಳನ್ನು ಕಾಲೇಜಿಗೆ ಕರೆಯಲು ಅವಳೇ ಸರಿ ಎಂದು ಆರಿಸಿದ್ದೆವು.

ನಾನು ಬರೆದುಕೊಟ್ಟ ಭಾಷಣದ ಹಾಳೆಯಿಂದ ಅವಳು ಗಾಳಿ ಬೀಸಿಕೊಳ್ಳುತ್ತಿದ್ದಳು. ಹೋದಲ್ಲೆಲ್ಲ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವಳು. ಯಾರು ಏನು ಕಷ್ಟ ಹೇಳಿಕೊಂಡರೂ, "ಅದೇನ್ ದೊಡ್ಡದಲ್ ಬಿಡ್ರಿ" ಅನ್ನುವಳು.

ಕೊನೆಯ ಮನೆಯಲ್ಲಿ ಹನ್ನೆರಡನೇ ತರಗತಿ ಮುಗಿಸಿದ ಮಗಳನ್ನು ಮರುದಿನವೇ ಪ್ಯಾಕಿಂಗ್ ಕೆಲಸಕ್ಕೆ ಕಳಿಸುವುದೆಂದು ತಂದೆ ನಿಶ್ಚಯಿಸಿದ್ದರು.

"ಕಾಲೇಜಿಗೆ ಹೋಗಿ ಫೇಲಾದ್ರ ಮಂದಿ ನಗತಾರವಾ," ಎಂದರು.

"ಅದೇನ್ ದೊಡ್ಡದಲ್ ಬಿಡ್ರಿ ಕಾಕಾ. ನಾ ಅಕೌಂಟ್ಸ್‌ನ್ಯಾಗ ಎರಡ ಸಲ ಫೇಲ್ ಆಗೇನ್ರಿ."

ನಾನು ಜೋರಾಗಿ ಕೆಮ್ಮಿದೆ. ಅವಳು ತಿರುಗಿಯೂ ನೋಡಲಿಲ್ಲ.

"ಹೊರಗ ಹಾಕಲಿಲ್ಲೇನು?" ತಂದೆ ಕೇಳಿದರು.

"ಇಲ್ರಿ. ಪರೀಕ್ಷಾ ಮತ್ತ ಬರಿ ಅಂದ್ರು. ಈ ಸಲಾನೂ ಖಾತ್ರಿ ಇಲ್ರಿ."

ಮನೆಯವರೆಲ್ಲ ನಕ್ಕರು. ತಂದೆ ಮಾತ್ರ ಯೋಚಿಸುತ್ತಿದ್ದರು.

"ಹಂಗಾರ ನೀ ಇನ್ನೂ ಭಾಳ ದಿನ ಅಲ್ಲೇ ಇರ್ತೀ?"

"ಇರಬೇಕಾಗತೈತ್ರಿ."

"ಚಲೋ ಆತು. ನಮ್ ಹುಡುಗಿಗೆ ಜೋಡಿ ಆತು."

ಹನ್ನೆರಡೂವರೆಗೆ ಅರ್ಜಿಯ ಮೇಲೆ ಅವರ ಸಹಿ ಹಾಕಿಸಿಕೊಂಡು ಅಂದಿನ ಕೆಲಸ ಮುಗಿಸಿದೆವು.