ಜೋಕಾಲಿಯ ಚಿತ್ರ

ಮಕ್ಕಳೇ, ಮೊನ್ನೆ ವಿಜಯವಾಡದ ಕಾಲೇಜಿನಲ್ಲಿ ನಿಮ್ಮಜ್ಜನ ನೆನಪಿಗೆ ಒಂದು ಚಿತ್ರ ತೂಗುಹಾಕಿದರಲ್ಲ, ಅದರ ಗೆರೆಗಳು ನನ್ನವು.

ನಿಮ್ಮಜ್ಜ ವಿಶಾಖಪಟ್ಟಣದಲ್ಲಿ ಇಂಜಿನಿಯರಿಂಗ್ ಕಲಿಸುತ್ತಿದ್ದರು. ನಾನು ಏಳನೆಯ ಇಯತ್ತೆಗೆ ಹಳ್ಳಿಯ ಶಾಲೆ ಬಿಟ್ಟವಳು. ಎಂವಿಪಿ ಕಾಲೋನಿಯ ಮನೆಯಲ್ಲಿ ಅವರು ಪಂಚಮಿ ಜೋಕಾಲಿಯ ಲೆಕ್ಕ ಹೇಳಿಕೊಟ್ಟರು. ಮೆಲ್ಲಗೆ ತೂಗಿದರೆ ಸಮೀಕರಣ ಸರಳ. ಜೀಕು ಜೋರಾದರೆ ಅದು ಸುಲಭಕ್ಕೆ ಬಗೆಹರಿಯದು, ಚಿತ್ರ ಬರೆದೇ ನೋಡಬೇಕು. ಜೋಕಾಲಿ ಎಷ್ಟು ದೂರ ಸರಿದಿದೆ ಎಂಬುದು ಅಡ್ಡಕ್ಕೆ, ಎಷ್ಟು ವೇಗದಲ್ಲಿದೆ ಎಂಬುದು ಉದ್ದಕ್ಕೆ. ಪ್ರತಿ ಚುಕ್ಕೆಯ ಮೇಲೂ, ಮುಂದೆ ಯಾವ ಕಡೆ ಹೋಗುತ್ತದೆಂದು ತೋರಿಸುವ ಒಂದು ಗಿಡ್ಡ ಓರೆಗೆರೆ. ಲೆಕ್ಕ ಅವರದು, ಗೆರೆ ನನ್ನದು. ರಂಗೋಲಿ ಹಾಕಿ ಪಳಗಿದ ಕೈ ನಡುಗುತ್ತಿರಲಿಲ್ಲ. ಪೆನ್ಸಿಲ್ ಚೂಪು ಮಾಡಿ ಕೊಡುತ್ತಿದ್ದವನು ನಿಮ್ಮಪ್ಪ. ಗೆರೆಗಳ ಜಾಡು ಹಿಡಿದರೆ ನಡುವೆ ಕಣ್ಣಿನಂಥ ಸುತ್ತುಗಳು ಮೂಡುತ್ತಿದ್ದವು. ಅವುಗಳ ಮೇಲೆ, ತಿರುಗಿ ಬಾರದೆ ಸಾಗುವ ಅಲೆಗಳು. ಹಗ್ಗದ ಬದಲು ಸಲಾಕೆ ಇದ್ದು, ಜೀಕು ಮಿತಿಮೀರಿದರೆ ಜೋಕಾಲಿ ಕೊಂಬೆಯನ್ನೇ ಸುತ್ತಿ ಹೋಗುತ್ತದೆ, ಅದೇ ಆ ಅಲೆ ಎಂದರು. ನನಗೆ ತಿಳಿಯಿತು. ಆ ಖುಷಿ ಹೇಳತೀರದು.

ಒಮ್ಮೆ ವಿಜಯವಾಡದ ಅದೇ ಕಾಲೇಜಿನಿಂದ ಬಂದ ಪ್ರೊಫೆಸರರು ಹಾಳೆಯನ್ನು ಬೆಳಕಿಗೆ ಹಿಡಿದು, "ಚಾಲಾ ಬಾಗುಂದಂಡಿ! ಎವರು ಗೀಶಾರು?" ಎಂದರು. ಬಹಳ ಚೆನ್ನಾಗಿದೆ, ಯಾರು ಎಳೆದದ್ದು ಎಂದು. ನಾನು ಕಾಫಿ ಹಿಡಿದು ಅಲ್ಲೇ ನಿಂತಿದ್ದೆ.

"ನಮ್ಮ ಡ್ರಾಫ್ಟ್ಸ್‌ಮನ್," ಎಂದರು ನಿಮ್ಮಜ್ಜ.

ಅತಿಥಿ ಹೋದ ಮೇಲೆ ಕೇಳಿದೆ: "ನಾಳಿ ಅಡಗೀನೂ ಡ್ರಾಫ್ಟ್ಸ್‌ಮನ್ನೇ ಮಾಡ್ತಾನೇನ್ರಿ?"

"ಹೇಂತಿ ಎಳದ ಗೆರಿ ಅಂದ್ರ ನನ್ನ ಲೆಕ್ಕಾನೂ ನಂಬೂದಿಲ್ಲ ಅವರು," ಎಂದು ನಕ್ಕರು. ಆಮೇಲೂ ನಾನು ಗೆರೆ ಎಳೆದುಕೊಟ್ಟೆ. ಮಾತು ಮಾತ್ರ ಕಡಿಮೆಯಾಯಿತು.

ಮೊನ್ನೆ ಪರದೆ ಸರಿಸಿ ನನ್ನ ಕೈಗೆ ಮೈಕು ಕೊಟ್ಟರು. ಜನರೆದುರು ಎಂದೂ ಬಾಯಿ ತೆರೆಯದವಳು, ಬರುವಷ್ಟು ತೆಲುಗಿನಲ್ಲಿ, ಈ ಗೆರೆಗಳನ್ನು ನಾನೇ ಎಳೆದದ್ದು ಎಂದೆ. ನಿಮ್ಮಪ್ಪ ಮೈಕು ತೆಗೆದುಕೊಂಡು, ಅವ್ವನಿಗೆ ರಂಗೋಲಿ ಹುಚ್ಚು, ಚುಕ್ಕೆ ಕಂಡರೆ ತನ್ನದೇ ಎನ್ನುತ್ತಾಳೆ ಎಂದ. ಎಲ್ಲರೂ ನಕ್ಕರು. ನೀವೂ ನಕ್ಕಿರಿ.

ವಾಪಸು ರೈಲಿನಲ್ಲಿ ನೀವು ಮಲಗಿದ ಮೇಲೆ ಅವನನ್ನು ಕೇಳಿದೆ: "ಪೆನ್ಸಿಲ್ ಚೂಪು ಮಾಡಿ ಕೊಡ್ತಿದ್ದಿ. ಮರತೀ ಏನೋ?"

"ಮರತಿಲ್ಲವ್ವ. ಅಪ್ಪನ ಫಂಕ್ಷನ್‌ದಾಗ ಅದೆಲ್ಲಾ ಯಾಕ?"

ಮರೆತಿದ್ದೇನೆ ಎಂದಿದ್ದರೆ ಇದನ್ನು ಬರೆಯುತ್ತಿರಲಿಲ್ಲ.