ಕೆಂಡದ ಪಕ್ಕ ಇಟ್ಟ ಕೊಡ

ಪೈಪು ಹೊತ್ತಿಕೊಳ್ಳಬಹುದಿತ್ತು. ಹೊತ್ತದಿದ್ದರೂ ಸೀದು ಗುಳ್ಳೆ ಏಳಬಹುದಿತ್ತು. ಆ ಹೊಗೆ ಎದೆಗೆ ಹೋಗಿ ಕಾಕಾ ಅಲ್ಲೇ ಕುಸಿಯಬಹುದಿತ್ತು. ಕಿಡಿ ಹಾರಿ ಜೋಳದ ಕಣಿಕಿ ಬಣವೆಗೆ, ಅಲ್ಲಿಂದ ಕೊಟ್ಟಿಗೆಗೆ, ಅಲ್ಲಿಂದ ಪಕ್ಕದ ಮನೆಗೆ... ನನ್ನ ತಲೆಯೊಳಗೆ ನಮ್ಮೂರು ಹಿರೋಳ್ಳಿ ಅರ್ಧ ಸುಟ್ಟು ಮುಗಿದಿತ್ತು. ಕಾಕಾ ಇನ್ನೂ ಕಡ್ಡಿ ಗೀರಿರಲಿಲ್ಲ.

ಎಂಬತ್ತರ ದಶಕದ ಒಂದು ಬೇಸಿಗೆ. ಅವ್ವ ಬಾವಿಯ ಮೆಟ್ಟಿಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಿದ್ದಳು. ಕಟ್ಟು ಬಿಚ್ಚಿದ ಮರುದಿನವೇ ಮತ್ತೆ ಕೊಡ ಹೊತ್ತಳು. ಬಾವಿಯ ಮೋಟಾರು ಹೊಲದ ಕಡೆಗಷ್ಟೇ ನೀರು ದೂಡುತ್ತಿತ್ತು. ಅಂಗಳದವರೆಗೆ ಒಂದು ಪೈಪು ಎಳೆದರೆ ಅವಳು ಇನ್ನು ಇಳಿಯಬೇಕಿಲ್ಲವೆಂದು ಆಳಂದದಿಂದ ಪ್ಲಾಸ್ಟಿಕ್ ಪೈಪು ತಂದೆ, ಅಳತೆಗೆ ಸರಿಯಾಗಿ. ಒಂದು ತುಂಡು ಸುಟ್ಟರೂ ನೀರು ಅಂಗಳ ಮುಟ್ಟುವುದಿಲ್ಲ.

ಅಂಗಡಿಯಲ್ಲಿ ಪೈಪು ಜೋಡಿಸುವ ತುಂಡುಗಳು ಸಿಗುತ್ತಿದ್ದವು. ನಮ್ಮ ಕಡೆ ಅವು ಪುಕ್ಕಲರ ಸಾಮಾನು. ತೊಗರಿ ಕಟ್ಟಿಗೆಯ ಕೆಂಡದ ಮೇಲೆ ಪೈಪಿನ ಬಾಯಿ ತಿರುಗಿಸುತ್ತ ಕಾಯಿಸಬೇಕು, ಮೆತ್ತಗಾದೊಡನೆ ಇನ್ನೊಂದರ ತುದಿ ಒಳಗೆ ತುರುಕಬೇಕು. ಆರಿದ ಮೇಲೆ ಅದೇ ಬಿಗಿದು ಹಿಡಿಯುತ್ತದೆ. ಕಾಕಾ ಹೇಳಿದ್ದು ಇಷ್ಟು. ಅವನದೇ ಹೊಲದಲ್ಲಿ ಬೆಸೆದದ್ದು ಬಾಯಿಬಿಟ್ಟು ಸೋರುತ್ತಿದ್ದುದನ್ನು ಹೇಳಲಿಲ್ಲ.

ಇರಲಿ ಎಂದು ನಾನೊಂದು ಮುಂಜಾಗ್ರತೆ ವಹಿಸಿದೆ. ಅವ್ವನ ಹೊಸ ಪ್ಲಾಸ್ಟಿಕ್ ಕೊಡದಲ್ಲಿ ನೀರು ತಂದು, ಬೆಂಕಿ ಎದ್ದರೆ ಕೈಗೆ ಸಿಗುವಂತೆ ಕೆಂಡದ ಮಗ್ಗುಲಲ್ಲೇ ಇಟ್ಟೆ. ಅರ್ಧ ಕೊಡ ಮಾತ್ರ. ಅವಳೇ ಹೊತ್ತು ತಂದ ನೀರು, ಹೆಚ್ಚು ತೆಗೆಯಲು ಮನಸ್ಸಾಗಲಿಲ್ಲ.

“ಯಾಕೋ ಯಪ್ಪಾ, ಕೊಡಕ್ಕ ಥಂಡಿ ಹತ್ಯಾದೇನು?” ಎಂದಳು ಅವ್ವ.

ಒಂದೊಂದೇ ಬೆಸುಗೆ ಕೂತಿತು. ಉಳಿದದ್ದು ಕೊನೆಯದು.

“ಕಾಕಾ, ಕಪ್ಪಗ ಆಗಾಕತ್ತದ ನೋಡ್ರಿ.”

“ಅದು ನಿನ್ನ ನೆರಳು ಲೇ! ಅತ್ಲಾಗ ಸರಿ.”

ಸರಿದೆ. ಕಪ್ಪು ಹೋಯಿತು. ಆದರೆ ವಾಸನೆ ನೆರಳಿನದಾಗಿರಲಿಲ್ಲ; ಗಂಟಲು ಸುಡುವ ಘಾಟು. ಅಂಚು ಒಂದು ಕಡೆ ನಿಜವಾಗಿಯೂ ಕಂದುತ್ತಿತ್ತು.

“ತೆಗೀರಿ ಕಾಕಾ, ಸಾಕು!”

“ಹಿಡಿ ಲೇ! ಒತ್ತು! ಸೊಟ್ಟ ಮಾಡಬ್ಯಾಡ!”

ಕಣ್ಣು ಮುಚ್ಚಿಕೊಂಡು ಒತ್ತಿದೆ. ಕಾದ ಬಾಯಿ ಹಸಿ ರಬ್ಬರಿನ ಹಾಗೆ ಬಾಗಿ, ಹಿಗ್ಗಿ, ಒಳಗೆ ಬಿಟ್ಟುಕೊಂಡಿತು. ಕಾಕಾ ಒದ್ದೆ ಗೋಣಿತಟ್ಟು ಸುತ್ತಿದ. ಆರಿದ ಮೇಲೆ “ಜಗ್ಗಿ ನೋಡು” ಎಂದ. ಜಗ್ಗಿದೆ, ಮೆಲ್ಲಗೆ. “ಹಾವು ಹಿಡದಾಂಗ ಹಿಡದಾನ ನೋಡ್ರಿ, ವೈನಿ,” ಎಂದು ಅವ್ವನ ಕಡೆ ತಿರುಗಿ ನಕ್ಕ.

ಮೋಟಾರು ಹಾಕಿದರು. ಪೈಪು ಕೆಮ್ಮಿತು, ಕೆಸರು ಕಾರಿತು, ಆಮೇಲೆ ತಿಳಿನೀರು ಬಂತು. ಬೆಸುಗೆಗಳನ್ನೆಲ್ಲ ಬೆರಳಿಂದ ಮುಟ್ಟುತ್ತ ಬಾವಿಯವರೆಗೆ ಹೋಗಿ ಬಂದೆ. ಎಲ್ಲೂ ತೇವವಿಲ್ಲ. ಬಣವೆ ಇತ್ತು, ಊರಿತ್ತು, ಕಾಕಾ ಬೀಡಿ ಸೇದುತ್ತಿದ್ದ.

ಅವ್ವ ಕೆಂಡದ ಮಗ್ಗುಲಿಂದ ಕೊಡ ಎತ್ತಿ ತಂದು ಪೈಪಿಗೆ ಹಿಡಿದಳು. ನೀರೆಲ್ಲ ಅವಳ ಸೀರೆಯ ಮೇಲೆ ಸಿಡಿಯಿತು. ನೀರು ನಿಂತಿದ್ದಷ್ಟು ಕೊಡ ದುಂಡಗೇ ಇತ್ತು. ಅದರ ಮೇಲಿನ ಖಾಲಿ ಭಾಗ ಕಾವಿಗೆ ಮೆತ್ತಗಾಗಿ, ಕೊರಳು ಕೆಂಡದ ಕಡೆ ವಾಲಿ, ಬಾಯಿ ಮುಚ್ಚಿಕೊಂಡಿತ್ತು.